ಸೆರ್ ಯಾವಾಗ, ಎಸ್ತಾರ್ ಯಾವಾಗ? ಸ್ಪ್ಯಾನಿಷ್‌ನ ಗೊಂದಲದ ಪದಗಳಿಗೆ ಕನ್ನಡದ ದಾರಿ

ಸ್ಪ್ಯಾನಿಷ್ ಕಲಿಯುವ ಕನ್ನಡಿಗರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಇಂಗ್ಲಿಷ್ ಪುಸ್ತಕ ಅಥವಾ ಇಂಗ್ಲಿಷ್ ಆ್ಯಪ್. ಅರ್ಧ ತೊಂದರೆ ಅಲ್ಲೇ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಒಂದೇ ಪದವಿರುವ ಕಡೆ ಸ್ಪ್ಯಾನಿಷ್‌ನಲ್ಲಿ ಎರಡಿರುತ್ತವೆ. ಯಾವುದನ್ನು ಎಲ್ಲಿ ಬಳಸಬೇಕು ಎನ್ನುವುದಕ್ಕೆ ಪುಸ್ತಕ ಉದ್ದದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಎನ್ನುತ್ತದೆ. ಆದರೆ ಆ ಎರಡರ ನಡುವಿನ ಗೆರೆ ಎಷ್ಟೋ ಸಲ ನಮ್ಮ ಮನೆಮಾತಿನಲ್ಲೇ ಇರುತ್ತದೆ, ನಾವು ಗಮನಿಸಿರುವುದಿಲ್ಲ ಅಷ್ಟೇ. ಹಾಗಂತ ಕನ್ನಡವನ್ನು ಎಲ್ಲ ಕಡೆಯೂ ನಂಬುವ ಹಾಗಿಲ್ಲ. 'ಕೇಳು', 'ಬರ್ತೀನಿ' ಥರದ ಮಾತುಗಳು ನಮ್ಮನ್ನೇ ಎಡವಿಸುತ್ತವೆ. ಎಲ್ಲಿ ನಂಬಬೇಕು, ಎಲ್ಲಿ ಎಚ್ಚರದಿಂದಿರಬೇಕು ಎನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ಹೆಜ್ಜೆ 1: ದೀರ್ಘ ಹಾಕಿ ಬರೆದುಕೊಳ್ಳಿ

ಮೊದಲು ಕಿವಿ ಸರಿಮಾಡಿಕೊಳ್ಳಬೇಕು. ಸ್ಪ್ಯಾನಿಷ್‌ನಲ್ಲಿ ಪದದ ಯಾವ ಭಾಗವನ್ನು ಒತ್ತಿ ಹೇಳುತ್ತೇವೆ ಎನ್ನುವುದರ ಮೇಲೆ ಅರ್ಥವೇ ಬದಲಾಗುತ್ತದೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಹ್ರಸ್ವ-ದೀರ್ಘದ ವಿಷಯದಲ್ಲಿ ನಮ್ಮ ಕಿವಿ ಬಲು ಚುರುಕು. ಸ್ಪ್ಯಾನಿಷ್‌ನಲ್ಲಿ ಒತ್ತು ಬೀಳುವ ಸ್ವರ ಕೊಂಚ ಎಳೆದಂತೆ ಕೇಳಿಸುವುದರಿಂದ, ಒತ್ತು ಇರುವ ಕಡೆ ದೀರ್ಘ ಹಾಕಿ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಕೆಲಸ ಮುಗಿಯಿತು:

ಪಾಪ – ಆಲೂಗಡ್ಡೆ (ಲ್ಯಾಟಿನ್ ಅಮೆರಿಕದಲ್ಲಿ). ಪಪಾ – ಅಪ್ಪ
ಆಬ್ಲೊ – ನಾನು ಮಾತಾಡುತ್ತೇನೆ. ಅಬ್ಲೋ – ಅವನು ಅಥವಾ ಅವಳು ಮಾತಾಡಿದ್ದು
ಏಸ್ತ – ಈ, ಇವಳು. ಎಸ್ತಾ – ಇದೆ, ಇದ್ದಾನೆ, ಇದ್ದಾಳೆ
ಇಂಗ್ಲೇಸ್ – ಇಂಗ್ಲಿಷ್. ಈಂಗ್ಲೆಸ್ – ತೊಡೆಸಂದುಗಳು

ಕೊನೆಯದನ್ನು ಇಂಟರ್‌ವ್ಯೂಗೆ ಹೋಗುವ ಮುಂಚೆ ನಾಲ್ಕು ಸಲ ಹೇಳಿಕೊಳ್ಳುವುದು ಒಳ್ಳೆಯದು. ಮೂರು ರೂಪ ಇರುವ ಪದಗಳೂ ಇವೆ: ತೇರ್ಮಿನೊ ಅಂದರೆ ಅವಧಿ ಅಥವಾ ಪಾರಿಭಾಷಿಕ ಪದ, ತೆರ್ಮೀನೊ ಅಂದರೆ ನಾನು ಮುಗಿಸುತ್ತೇನೆ, ತೆರ್ಮಿನೋ ಅಂದರೆ ಅವನು ಮುಗಿಸಿದ. ನಮ್ಮ ಲಿಪಿಯಲ್ಲಿ ಎ-ಏ, ಒ-ಓ ಎರಡಕ್ಕೂ ಹ್ರಸ್ವ-ದೀರ್ಘ ಇರುವುದರಿಂದ ಈ ಉಪಾಯ ಪೂರ್ತಿ ನಡೆಯುತ್ತದೆ. ಹಿಂದಿ ಲಿಪಿಯಲ್ಲಿ ಬರೆದುಕೊಳ್ಳುವವರಿಗೆ ಈ ಅನುಕೂಲ ಇಲ್ಲ. ಈ ಲೇಖನದ ಉದ್ದಕ್ಕೂ ದೀರ್ಘ ಅಂದರೆ ಒತ್ತು ಎಂದೇ ಓದಿಕೊಳ್ಳಿ.

ಒತ್ತು ಎಲ್ಲಿ ಎಂದು ತಿಳಿಯಲು ಒಂದೇ ನಿಯಮ ಸಾಕು. ಪದ ಸ್ವರದಲ್ಲೋ, ಎನ್ ಅಥವಾ ಎಸ್ ಅಕ್ಷರದಲ್ಲೋ ಮುಗಿದರೆ ಕೊನೆಯಿಂದ ಎರಡನೆಯ ಭಾಗಕ್ಕೆ ಒತ್ತು. ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯ ಭಾಗಕ್ಕೆ. ಇದಕ್ಕೆ ಹೊರತಾದ ಕಡೆಯೆಲ್ಲ ಅಕ್ಷರದ ತಲೆಯ ಮೇಲೆ ಓರೆಗೆರೆ ಇರುತ್ತದೆ. ಆದ್ದರಿಂದ ಆ ಗೆರೆ ಅಲಂಕಾರಕ್ಕಲ್ಲ, ಮೆಸೇಜ್ ಟೈಪ್ ಮಾಡುವಾಗಲೂ ಬಿಡಬೇಡಿ. ಎನ್ ಅಕ್ಷರದ ಮೇಲಿನ ಅಲೆಯಂಥ ಗೆರೆಯನ್ನಂತೂ ಬಿಡಲೇಬೇಡಿ. ಅದು ಇದ್ದರೆ 'ಆನ್ಯೊ', ವರ್ಷ. ಇಲ್ಲದಿದ್ದರೆ 'ಆನೊ', ಗುದದ್ವಾರ. ಹೊಸ ವರ್ಷದ ಶುಭಾಶಯ ಕಳಿಸುವಾಗ ಇದು ನೆನಪಿರಲಿ.

ಕೆಲವು ಚಿಕ್ಕ ಪದಗಳಲ್ಲಿ ಗೆರೆ ಇರುವುದು ಉಚ್ಚಾರಕ್ಕಲ್ಲ, ಅರ್ಥ ಬೇರೆ ಮಾಡುವುದಕ್ಕೆ. 'ತು' ಗೆರೆಯಿದ್ದರೆ ನೀನು, ಇಲ್ಲದಿದ್ದರೆ ನಿನ್ನ. 'ಸಿ' ಗೆರೆಯಿದ್ದರೆ ಹೌದು, ಇಲ್ಲದಿದ್ದರೆ 'ಒಂದು ವೇಳೆ'. 'ಸೋಲೊ' ಎಂಬ ಪದದ ಕಥೆ ಸ್ವಲ್ಪ ತಮಾಷೆಯದು. 'ಮಾತ್ರ' ಎಂಬ ಅರ್ಥದಲ್ಲಿ ಬಂದಾಗ ಅದಕ್ಕೆ ಗೆರೆ ಹಾಕುವ ರೂಢಿಯಿತ್ತು. ಸ್ಪ್ಯಾನಿಷ್ ಭಾಷೆಯ ಅಕಾಡೆಮಿ 2010ರಲ್ಲಿ ಅದು ಬೇಡ ಎಂದಿತು. ಲೇಖಕರು ಜಗ್ಗಲಿಲ್ಲ. ಕೊನೆಗೆ 2023ರಲ್ಲಿ, ಎರಡರ್ಥ ಬರುತ್ತದೆ ಎಂದು ಬರೆಯುವವರಿಗೆ ಅನ್ನಿಸಿದ ಕಡೆ ಹಾಕಬಹುದು ಎಂದು ಅಕಾಡೆಮಿ ಸ್ಪಷ್ಟಪಡಿಸಿತು. ಕಲಿಯುವವರು ಗೆರೆ ಹಾಕದೆ ಬರೆದರೆ ಯಾವ ಪರೀಕ್ಷೆಯಲ್ಲೂ ತೊಂದರೆಯಿಲ್ಲ.

ಇನ್ನು ರ-ಕಾರ. 'ಪೇರೊ' ಅಂದರೆ 'ಆದರೆ', 'ಪೇರ್ರೊ' ಅಂದರೆ ನಾಯಿ. 'ಕಾರೊ' ದುಬಾರಿ, 'ಕಾರ್ರೊ' ಲ್ಯಾಟಿನ್ ಅಮೆರಿಕದ ಹಲವು ಕಡೆ ಕಾರು. 'ಸರ್ರನೆ', 'ಬರ್ರನೆ' ಎನ್ನುವಾಗ ನಾಲಿಗೆ ಹೇಗೆ ಅದುರುತ್ತದೋ ಹಾಗೆಯೇ ಅದುರಿಸಿ, ಸಾಕು. ಪದದ ಮೊದಲಿಗೆ ಬರುವ ರ-ಕಾರ ಯಾವಾಗಲೂ ಅದುರುವಂಥದ್ದೇ.

ಹೆಜ್ಜೆ 2: 'ಅಲ್ಲ' ಬರುತ್ತದೋ 'ಇಲ್ಲ' ಬರುತ್ತದೋ ನೋಡಿ

ಸ್ಪ್ಯಾನಿಷ್ ಕಲಿಯುವವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಜೋಡಿ 'ಸೆರ್' ಮತ್ತು 'ಎಸ್ತಾರ್'. ಇಂಗ್ಲಿಷಿನಲ್ಲಿ ಒಂದೇ 'ಈಸ್' ಸಾಕಾಗುವ ಕಡೆ ಸ್ಪ್ಯಾನಿಷ್‌ನಲ್ಲಿ ಈ ಎರಡು ಕ್ರಿಯಾಪದಗಳಿವೆ; ಸೆರ್‌ನಿಂದ 'ಎಸ್', ಎಸ್ತಾರ್‌ನಿಂದ 'ಎಸ್ತಾ'. ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್ ಎಂದು ಇಂಗ್ಲಿಷ್ ಪುಸ್ತಕಗಳು ಹೇಳಿಕೊಡುತ್ತವೆ. ಎರಡನೇ ದಿನವೇ ಆ ನಿಯಮ ಕೈಕೊಡುತ್ತದೆ. ಸತ್ತವನ ಬಗ್ಗೆ 'ಎಸ್ತಾ ಮ್ವೇರ್ತೊ' ಎನ್ನುತ್ತಾರೆ. ಸಾವಿಗಿಂತ ಶಾಶ್ವತವಾದದ್ದು ಇನ್ನೇನಿದೆ? ಮ್ಯಾಡ್ರಿಡ್ ನಗರ ಸ್ಪೇನ್‌ನಲ್ಲಿ ಇರುವುದೂ ತಾತ್ಕಾಲಿಕವೇನಲ್ಲ, ಅಲ್ಲೂ ಎಸ್ತಾರೇ.

ಇಂಗ್ಲಿಷನ್ನು ಪಕ್ಕಕ್ಕಿಟ್ಟು ಆ ವಾಕ್ಯವನ್ನು ಕನ್ನಡದಲ್ಲಿ ನಕಾರ ಮಾಡಿ ನೋಡಿ.

ಅವನು ಮೇಷ್ಟ್ರು. ಅವನು ಮೇಷ್ಟ್ರು ಅಲ್ಲ. ಇಲ್ಲಿ ಸೆರ್: 'ಎಸ್ ಪ್ರೊಫೆಸೋರ್', 'ನೊ ಎಸ್ ಪ್ರೊಫೆಸೋರ್'.
ಅವನು ಮನೆಯಲ್ಲಿದ್ದಾನೆ. ಅವನು ಮನೆಯಲ್ಲಿ ಇಲ್ಲ. ಇಲ್ಲಿ ಎಸ್ತಾರ್: 'ಎಸ್ತಾ ಎನ್ ಕಾಸ', 'ನೊ ಎಸ್ತಾ ಎನ್ ಕಾಸ'.
ಕಾಫಿ ಬಿಸಿಯಾಗಿಲ್ಲ. ಎಸ್ತಾರ್: 'ಎಲ್ ಕಫೇ ನೊ ಎಸ್ತಾ ಕಲ್ಯೇಂತೆ'.
ಅವನು ಸತ್ತಿಲ್ಲ. ಎಸ್ತಾರ್. ಮದುವೆಯಾಗಿಲ್ಲ. ಅಲ್ಲೂ ರೂಢಿಯಲ್ಲಿ ಎಸ್ತಾರ್.

'ಅಲ್ಲ' ಬಂದರೆ ಸೆರ್, 'ಇಲ್ಲ' ಬಂದರೆ ಎಸ್ತಾರ್. ಕ್ರಿಯಾಪದವೇ ಇಲ್ಲದೆ ವಾಕ್ಯ ಮುಗಿದರೂ ಸೆರ್ ಎಂದೇ ತಿಳಿಯಿರಿ. 'ಈಗ ಮೂರು ಗಂಟೆ', 'ನಾನು ಧಾರವಾಡದವನು', 'ಪಾರ್ಟಿ ನಮ್ಮ ಮನೇಲಿ' ಎಲ್ಲಕ್ಕೂ ಸೆರ್. ಈ ಕೊನೆಯದನ್ನು ಗಮನಿಸಿ. ಸಮಾರಂಭ ಎಲ್ಲಿ ನಡೆಯುತ್ತದೆ ಎನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ ಸೆರ್ ಬೇಕು: 'ಲ ಫ್ಯೇಸ್ತ ಎಸ್ ಎನ್ ಮಿ ಕಾಸ'. ಇಂಗ್ಲಿಷ್ ದಾರಿಯಿಂದ ಬಂದವರಿಗೆ ಇದೊಂದು ಅಪವಾದ, ನಮಗೆ ಸಲೀಸು.

ಈ ಪರೀಕ್ಷೆ ಸೋಲುವ ಜಾಗವೂ ಇದೆ, ಗುಣ ಹೇಳುವ ಪದಗಳು ಬಂದಾಗ. 'ಮನೆ ದೊಡ್ಡದಾಗಿದೆ', 'ಅವಳು ಸುಂದರವಾಗಿದ್ದಾಳೆ' ಎಂದು ನಾವು ಸಲೀಸಾಗಿ 'ಇರು' ಹಾಕುತ್ತೇವೆ, ಸ್ಪ್ಯಾನಿಷ್ ಅಲ್ಲಿ ಸೆರ್ ಕೇಳುತ್ತದೆ. ಆಗ ಇನ್ನೊಂದು ಪ್ರಶ್ನೆ ಹಾಕಿಕೊಳ್ಳಿ: 'ಆಗಿದೆ' ತೆಗೆದು 'ದೊಡ್ಡದು', 'ಸುಂದರಿ', 'ಒಳ್ಳೆಯವನು' ಎಂದರೆ ಅದೇ ಅರ್ಥ ಉಳಿಯುತ್ತದೆಯೇ? ಉಳಿದರೆ ಸೆರ್. 'ಎಸ್ ಗ್ವಾಪ' ಅಂದರೆ ಆಕೆ ಚೆಲುವೆ. 'ಎಸ್ತಾ ಗ್ವಾಪ' ಅಂದರೆ ಇವತ್ತು ಚೆನ್ನಾಗಿ ಕಾಣುತ್ತಿದ್ದಾಳೆ. ಒಂದೇ ಗುಣವಾಚಕ ಎರಡರ ಜೊತೆ ಸೇರಿ ಬೇರೆ ಬೇರೆ ಅರ್ಥ ಕೊಡುವುದು ಇನ್ನೂ ಸ್ವಾರಸ್ಯ. 'ಎಸ್ ಲೀಸ್ತೊ' ಚುರುಕು ಹುಡುಗ, 'ಎಸ್ತಾ ಲೀಸ್ತೊ' ರೆಡಿಯಾಗಿದ್ದಾನೆ. 'ಎಸ್ ರೀಕೊ' ಸಾಹುಕಾರ, ಊಟದ ಬಗ್ಗೆ 'ಎಸ್ತಾ ರೀಕೊ' ಅಂದರೆ ರುಚಿಯಾಗಿದೆ. 'ಎಸ್ ಬೇರ್ದೆ' ಹಸಿರು ಬಣ್ಣದ್ದು, ಹಣ್ಣಿನ ಬಗ್ಗೆ 'ಎಸ್ತಾ ಬೇರ್ದೆ' ಅಂದರೆ ಇನ್ನೂ ಕಾಯಿ.

ಇಷ್ಟೆಲ್ಲ ಆದ ಮೇಲೆ ಒಂದು ಎಚ್ಚರಿಕೆ. ನಮ್ಮ 'ಇದೆ' ಒಂದೇ ಪದ ಸ್ಪ್ಯಾನಿಷ್‌ನಲ್ಲಿ ಮೂರಾಗಿ ಒಡೆಯುತ್ತದೆ. 'ಇಲ್ಲೊಂದು ಬ್ಯಾಂಕ್ ಇದೆ' ಎಂದು ಹೊಸ ವಿಷಯ ಹೇಳುವಾಗ 'ಅಯ್': 'ಅಕೀ ಅಯ್ ಉನ್ ಬಾಂಕೊ'. ಇಬ್ಬರಿಗೂ ಗೊತ್ತಿರುವ ಬ್ಯಾಂಕ್ ಎಲ್ಲಿದೆ ಎನ್ನುವಾಗ ಎಸ್ತಾರ್: 'ಎಲ್ ಬಾಂಕೊ ಎಸ್ತಾ ಅಕೀ'. 'ನನಗೆ ಇಬ್ಬರು ಮಕ್ಕಳಿದ್ದಾರೆ' ಎನ್ನುವಾಗ 'ತೇಂಗೊ': 'ತೇಂಗೊ ದೋಸ್ ಈಹೊಸ್'. 'ನನಗೆ' ಎಂದು ಶುರುವಾಗುವ ಹಸಿವು, ಬಾಯಾರಿಕೆ, ಭಯ, ಜ್ವರ, ವಯಸ್ಸು ಎಲ್ಲಕ್ಕೂ ಈ ತೇಂಗೊವೇ. ಆದರೆ 'ನನಗೆ ಕಾಫಿ ಇಷ್ಟ', 'ನನಗೆ ತಲೆ ನೋಯುತ್ತಿದೆ' ಮಾತ್ರ ಕನ್ನಡದ ಅಚ್ಚಿನಲ್ಲೇ ಇಳಿಯುತ್ತವೆ: 'ಮೆ ಗೂಸ್ತ ಎಲ್ ಕಫೇ', 'ಮೆ ದ್ವೇಲೆ ಲ ಕಬೇಸ'.

ಹೆಜ್ಜೆ 3: 'ಕೇಳು' ಅನ್ನು ನಾಲ್ಕಾಗಿ ಒಡೆಯಿರಿ

ಇಲ್ಲಿ ಕನ್ನಡವೇ ಹಳ್ಳ ತೋಡುತ್ತದೆ. ಸಾಲ ಕೇಳುತ್ತೇವೆ, ದಾರಿ ಕೇಳುತ್ತೇವೆ, ಹಾಡು ಕೇಳುತ್ತೇವೆ, ಫೋನಿನಲ್ಲಿ 'ಕೇಳ್ತಾ ಇದೆಯಾ?' ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ಇವು ನಾಲ್ಕೂ ಬೇರೆ: ಪೆದೀರ್, ಪ್ರೆಗುಂತಾರ್, ಎಸ್ಕುಚಾರ್, ಒಯೀರ್.

ಎದುರಿನವರು ಏನು ಮಾಡಬೇಕು ಎಂದು ಯೋಚಿಸಿದರೆ ಮೊದಲೆರಡು ಬೇರೆಯಾಗುತ್ತವೆ. ಅವರು ಕೊಡಬೇಕು ಅಥವಾ ಮಾಡಿಕೊಡಬೇಕು ಎಂದಿದ್ದರೆ ಪೆದೀರ್. ಅವರು ಹೇಳಬೇಕು ಎಂದಿದ್ದರೆ ಪ್ರೆಗುಂತಾರ್. ಹೋಟೆಲಿನಲ್ಲಿ ಕೂತು ಕಾಫಿ ಕೇಳುವುದು 'ಪೀದೊ ಉನ್ ಕಫೇ', ಅದರ ಬೆಲೆ ಕೇಳುವುದು 'ಪ್ರೆಗೂಂತೊ ಎಲ್ ಪ್ರೇಸ್ಯೊ'. ಸಹಾಯ, ಕ್ಷಮೆ, ಅನುಮತಿ, ಸಾಲ ಎಲ್ಲ ಪೆದೀರ್ ಪಾಲು. ವಿಳಾಸ, ಹೆಸರು, ಬೆಲೆ, ಟೈಮು ಎಲ್ಲ ಪ್ರೆಗುಂತಾರ್ ಪಾಲು. ಒಂದು ಕಡೆ ಮಾತ್ರ ಎರಡೂ ಸಲ್ಲುವುದಿಲ್ಲ. 'ಪ್ರಶ್ನೆ ಕೇಳು' ಎನ್ನಲು ಸ್ಪ್ಯಾನಿಷ್‌ನಲ್ಲಿ ಪ್ರಶ್ನೆ 'ಮಾಡಬೇಕು': 'ಅಸೇರ್ ಊನ ಪ್ರೆಗೂಂತ'. ಊರಿಂದ ಬಂದವರು 'ಅವರು ನಿಮ್ಮನ್ನ ತುಂಬಾ ಕೇಳಿದ್ರು' ಎನ್ನುತ್ತಾರಲ್ಲ, ಆ ಕೇಳುವಿಕೆಗೂ ಸ್ಪ್ಯಾನಿಷ್‌ನಲ್ಲಿ ಜಾಗವಿದೆ: 'ಪ್ರೆಗುಂತೋ ಪೊರ್ ತಿ', ನಿನ್ನನ್ನು ವಿಚಾರಿಸಿದರು.

ಉಳಿದ ಎರಡಕ್ಕೆ ಕನ್ನಡದಲ್ಲೇ ಬೀಗದ ಕೈ ಇದೆ. ತಾನಾಗಿ ಕೇಳಿಸುವುದು ಒಯೀರ್, ಗಮನ ಕೊಟ್ಟು ಕೇಳುವುದು ಎಸ್ಕುಚಾರ್. ಫೋನಿನಲ್ಲಿ 'ಮೆ ಓಯೆಸ್?', ಕಛೇರಿಯಲ್ಲಿ ಕೂತು ಸಂಗೀತ ಕೇಳುವಾಗ 'ಎಸ್ಕೂಚೊ ಮೂಸಿಕ'. ಕಣ್ಣಿಗೂ ಇದೇ ಲೆಕ್ಕ: ಕಾಣಿಸುವುದು 'ಬೆರ್', ನೋಡುವುದು 'ಮಿರಾರ್'. ಸಿನಿಮಾ ನೋಡುವುದಕ್ಕೆ ಮಾತ್ರ ಬೆರ್ ಎನ್ನುತ್ತಾರೆ. ಹೇಳಿದ ಮಾತು ಕೇಳದ ಮಗುವಿನ ವಿಷಯಕ್ಕೆ ಬಂದರೆ 'ಅಸೇರ್ ಕಾಸೊ' ಎಂಬ ಬೇರೆಯದೇ ನುಡಿಗಟ್ಟು ಇದೆ.

ಹೆಜ್ಜೆ 4: ಗೊತ್ತು, ಪರಿಚಯ, ಬರುತ್ತೆ

ಸಬೇರ್ ಮತ್ತು ಕೊನೊಸೇರ್ ಎರಡಕ್ಕೂ ನಾವು 'ಗೊತ್ತು' ಎನ್ನುತ್ತೇವೆ. 'ಪರಿಚಯ ಇದೆ' ಎಂದು ಬದಲಿಸಿ ಹೇಳಿದರೆ ವಾಕ್ಯ ನಿಲ್ಲುತ್ತದೆಯೇ? ನಿಂತರೆ ಕೊನೊಸೇರ್. ವ್ಯಕ್ತಿ, ಊರು, ಹೋಟೆಲು, ಪುಸ್ತಕಗಳಿಗೆ ಅದೇ. 'ಕೊನೋಸ್ಕೊ ಮದ್ರೀದ್' ಅಂದರೆ ಹೋಗಿ ನೋಡಿದ್ದೇನೆ, ಓಡಾಡಿ ಗೊತ್ತು. ಸುದ್ದಿ, ಉತ್ತರ, ಫೋನ್ ನಂಬರ್ ಗೊತ್ತಿರುವುದಕ್ಕೆ ಸಬೇರ್. 'ಈಜೋಕೆ ಬರುತ್ತೆ', 'ಅಡುಗೆ ಮಾಡೋಕೆ ಬರುತ್ತೆ' ಎಂಬ ನಮ್ಮ 'ಬರುತ್ತೆ'ಗೂ ಸಬೇರೇ: 'ಸೆ ನದಾರ್'.

ಭೂತಕಾಲದಲ್ಲಿ ಇಂಗ್ಲಿಷ್ ಪುಸ್ತಕಗಳು ಇಲ್ಲಿ ಒಂದು ಪುಟ ವಿವರಣೆ ಕೊಡುತ್ತವೆ, ನಮಗೆ ಒಂದು ಸಾಲು ಸಾಕು. 'ಸಬೀಯ' ಅಂದರೆ ಗೊತ್ತಿತ್ತು, 'ಸೂಪೆ' ಅಂದರೆ ಗೊತ್ತಾಯಿತು. 'ಕೊನೊಸೀಯ' ಪರಿಚಯವಿತ್ತು, 'ಕೊನೊಸೀ' ಪರಿಚಯವಾಯಿತು.

ವ್ಯಕ್ತಿಯ ಹೆಸರಿನ ಮುಂದೆ 'ಅ' ಸೇರಿಸುವುದನ್ನು ಮರೆಯಬೇಡಿ: 'ಕೊನೋಸ್ಕೊ ಅ ಮರೀಯ'. 'ಪುಸ್ತಕ ಓದಿದೆ' ಎಂದರೆ ನಡೆಯುತ್ತದೆ, 'ಮರಿಯ ನೋಡಿದೆ' ಎಂದರೆ ನಡೆಯುವುದಿಲ್ಲ, 'ಮರಿಯಳನ್ನು' ಎನ್ನಲೇಬೇಕು. ಆ 'ಅನ್ನು' ಮಾಡುವ ಕೆಲಸವನ್ನೇ ಈ 'ಅ' ಮಾಡುತ್ತದೆ.

ಹೆಜ್ಜೆ 5: 'ಬಂದೆ' ಎನ್ನುವ ಕಡೆ 'ಬೋಯ್' ಎನ್ನಿ

ಒಳಗಿಂದ ಯಾರಾದರೂ ಕೂಗಿದರೆ ನಾವು 'ಬಂದೆ, ಬಂದೆ' ಎನ್ನುತ್ತೇವೆ. ಸ್ಪ್ಯಾನಿಷ್‌ನವರು 'ಯಾ ಬೋಯ್' ಎನ್ನುತ್ತಾರೆ, ಅಕ್ಷರಶಃ 'ಈಗ ಹೋಗ್ತೀನಿ'. ನಾವು ಕೇಳುವವರ ಜಾಗದಲ್ಲಿ ನಿಂತು ಮಾತಾಡುತ್ತೇವೆ, ಅವರು ತಾವು ನಿಂತ ಜಾಗದಿಂದ ಕದಲುವುದಿಲ್ಲ. ಮಾತಾಡುವವನು ಇರುವ ಕಡೆಗೆ ಬರುವುದು ಮಾತ್ರ 'ಬೆನೀರ್', ಉಳಿದದ್ದೆಲ್ಲ 'ಇರ್', ಅಂದರೆ ಹೋಗುವುದು. 'ನಾಳೆ ನಿಮ್ಮ ಮನೆಗೆ ಬರ್ತೀನಿ' ಎಂಬುದು 'ಮನ್ಯಾನ ಬೋಯ್ ಅ ತು ಕಾಸ' ಆಗಬೇಕು. ಅಲ್ಲಿ 'ಬೇಂಗೊ' ಎಂದರೆ ನೀವು ಆಗಲೇ ಅವರ ಮನೆಯಲ್ಲಿ ನಿಂತು ಮಾತಾಡುತ್ತಿದ್ದೀರಿ ಎಂದಾಗುತ್ತದೆ.

'ತರು' ಕೂಡ ಹೀಗೆಯೇ. 'ಬರುವಾಗ ಹಣ್ಣು ತರ್ತೀನಿ' ಎಂದು ಆ ಮನೆಯವರಿಗೆ ಹೇಳುವಾಗ 'ತ್ರಾಯ್ಗೊ' ಅಲ್ಲ, 'ಯೇಬೊ', ತಗೊಂಡು ಹೋಗ್ತೀನಿ. ನೀವು ಕೂತ ಟೇಬಲ್ಲಿಗೆ ಬಿಲ್ಲು ತರಲು ಹೇಳುವಾಗ ಮಾತ್ರ ತ್ರಯೇರ್: 'ಮೆ ತ್ರಾಯೆ ಲ ಕ್ವೇಂತ?' ನಮ್ಮ ದರ್ಶಿನಿಗಳಲ್ಲಿ 'ಪಾರ್ಸೆಲ್' ಎನ್ನುವುದಕ್ಕೆ ಅಲ್ಲಿನ ಮಾತು 'ಪಾರ ಯೆಬಾರ್'. ಈ ಎರಡು ಪದ ಕಲಿತರೆ ಒಂದು ಹೊತ್ತಿನ ಊಟಕ್ಕೆ ಮೋಸವಿಲ್ಲ.

ಹೊರಡುವಾಗ 'ಹೋಗ್ತೀನಿ' ಎನ್ನಲು ನಮ್ಮ ನಾಲಿಗೆ ತಡವರಿಸುತ್ತದೆ, 'ಹೋಗಿ ಬರ್ತೀನಿ' ಎನ್ನದಿದ್ದರೆ ಹಿರಿಯರು ಬೈಯುತ್ತಾರೆ. ಸ್ಪ್ಯಾನಿಷ್‌ನಲ್ಲಿ ಆ ಅಳುಕು ಬೇಕಿಲ್ಲ. 'ಮೆ ಬೋಯ್' ಎಂದು ಧೈರ್ಯವಾಗಿ ಹೇಳಿ ಎದ್ದು ಬನ್ನಿ.

ಹೆಜ್ಜೆ 6: ಪೊರ್ ಮತ್ತು ಪಾರ

ಇಂಗ್ಲಿಷಿನ 'ಫಾರ್' ಬರುವ ಕಡೆ ಸ್ಪ್ಯಾನಿಷ್‌ನಲ್ಲಿ ಈ ಎರಡು ಪದಗಳು ಕಾಡುತ್ತವೆ. ಪಾರ ಮುಂದಕ್ಕೆ ನೋಡುತ್ತದೆ: ಗುರಿ, ತಲುಪುವ ವ್ಯಕ್ತಿ, ಗಡುವು. 'ಪರೀಕ್ಷೆಗೆ ಓದ್ತಿದ್ದೀನಿ', 'ಇದು ನಿನಗೆ', 'ನಾಳೆಯೊಳಗೆ ಬೇಕು' ಎಲ್ಲ ಪಾರ. ಪೊರ್ ಹಿಂದಕ್ಕೂ ಅಕ್ಕಪಕ್ಕಕ್ಕೂ ನೋಡುತ್ತದೆ: ಕಾರಣ, ಹಾದು ಹೋಗುವ ದಾರಿ, ವಿನಿಮಯ, ಬದಲಿ. 'ಮಳೆಯಿಂದಾಗಿ ಹೊರಗೆ ಹೋಗಲಿಲ್ಲ' ಎಂಬುದು 'ನೊ ಸಲೀ ಪೊರ್ ಲ ಯೂಬ್ಯ'. ಪಾರ್ಕಿನ ಮೂಲಕ ಹೋಗುವುದಕ್ಕೂ ಪೊರ್, ಧನ್ಯವಾದದ ಕಾರಣ ಹೇಳಲೂ 'ಗ್ರಾಸ್ಯಸ್ ಪೊರ್'.

ನಮಗೆ ತೊಡಕಾಗುವುದು 'ಗೆ' ಪ್ರತ್ಯಯ. 'ಹತ್ತು ಪೆಸೊಗೆ ಕೊಂಡೆ' ಎಂಬಲ್ಲಿ 'ಗೆ' ಇದ್ದರೂ ಅದು ಗುರಿಯಲ್ಲ, ವಿನಿಮಯ, ಪೊರ್ ಬೇಕು. 'ನಿನಗೋಸ್ಕರ ಮಾಡಿದೆ' ಎಂಬುದೂ ಎರಡು ಥರ. ಮಾಡಿದ ವಸ್ತು ನಿನ್ನ ಕೈ ಸೇರಬೇಕಾದರೆ 'ಪಾರ ತಿ'. ನಿನ್ನ ಮುಖ ನೋಡಿ, ನಿನ್ನ ದೆಸೆಯಿಂದ ಮಾಡಿದ್ದಾದರೆ 'ಪೊರ್ ತಿ'. 'ಮನ್ಯಾನ' ಎಂಬ ಪದಕ್ಕೆ ನಾಳೆ, ಬೆಳಗ್ಗೆ ಎರಡೂ ಅರ್ಥ. 'ಪಾರ ಮನ್ಯಾನ' ಅಂದರೆ ನಾಳೆಗೆ, 'ಪೊರ್ ಲ ಮನ್ಯಾನ' ಅಂದರೆ ಬೆಳಗ್ಗೆ ಹೊತ್ತು. 'ಮನ್ಯಾನ ಪೊರ್ ಲ ಮನ್ಯಾನ' ಎಂದರೆ ನಾಳೆ ಬೆಳಗ್ಗೆ.

ಹೆಜ್ಜೆ 7: ಕಿವಿಗೆ ಒಂದೇ, ಕಾಗದದಲ್ಲಿ ಎರಡು

ಸ್ಪ್ಯಾನಿಷ್‌ನಲ್ಲಿ ಬಿ ಮತ್ತು ವಿ ಅಕ್ಷರಗಳ ಉಚ್ಚಾರ ಒಂದೇ, ಎಚ್ ಅಕ್ಷರಕ್ಕೆ ಸದ್ದೇ ಇಲ್ಲ. ಹಾಗಾಗಿ 'ಬಾಕ' ಹಸುವೂ ಹೌದು, ಕಾರಿನ ಮೇಲಿನ ಲಗೇಜ್ ಕ್ಯಾರಿಯರ್ ಕೂಡ. 'ಓಲ' ನಮಸ್ಕಾರವೂ ಹೌದು, ಅಲೆಯೂ ಹೌದು. ಲ್ಯಾಟಿನ್ ಅಮೆರಿಕದಲ್ಲಿ 'ಕಾಸ' ಮನೆಯೂ ಆಗುತ್ತದೆ, ಬೇಟೆಯೂ ಆಗುತ್ತದೆ. ಸ್ಪೇನ್‌ನ ಹೆಚ್ಚಿನ ಕಡೆ ಬೇಟೆಯ ಎರಡನೇ ಅಕ್ಷರವನ್ನು ಹಲ್ಲುಗಳ ನಡುವೆ ನಾಲಿಗೆ ಇಟ್ಟು ಹೇಳುವುದರಿಂದ ಅಲ್ಲಿ ಕಿವಿಗೂ ವ್ಯತ್ಯಾಸ ಸಿಗುತ್ತದೆ. ಮಾತಿನಲ್ಲಿ ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬರೆಯುವಾಗ ಆ ಭಾಷೆಯಲ್ಲೇ ಹುಟ್ಟಿ ಬೆಳೆದವರೂ ತಪ್ಪುತ್ತಾರೆ.

ಹೆಜ್ಜೆ 8: ಪದವನ್ನು ಎಲ್, ಲ ಸಮೇತ ಕಲಿಯಿರಿ

ಕನ್ನಡದಲ್ಲಿ ಲಿಂಗ ಅರ್ಥದ ಮೇಲೆ ನಿಂತಿದೆ. ಸ್ಪ್ಯಾನಿಷ್‌ನಲ್ಲಿ ಮೇಜು, ಕುರ್ಚಿಗಳಿಗೂ ಲಿಂಗವಿದೆ (ಪದದ ಹಿಂದೆ ಬರುವ 'ಎಲ್' ಪುಲ್ಲಿಂಗದ ಗುರುತು, 'ಲ' ಸ್ತ್ರೀಲಿಂಗದ್ದು), ಕೆಲವು ಕಡೆ ಲಿಂಗ ಬದಲಾದರೆ ಪದವೇ ಬೇರೆಯಾಗುತ್ತದೆ. 'ಎಲ್ ಪಾಪ' ರೋಮಿನ ಪೋಪ್, 'ಲ ಪಾಪ' ಆಲೂಗಡ್ಡೆ. 'ಎಲ್ ಕಪಿತಾಲ್' ಬಂಡವಾಳ, 'ಲ ಕಪಿತಾಲ್' ರಾಜಧಾನಿ. 'ಎಲ್ ಕೂರ' ಪಾದ್ರಿ, 'ಲ ಕೂರ' ವಾಸಿಮಾಡುವ ಚಿಕಿತ್ಸೆ. 'ಎಲ್ ಕೊಮೇತ' ಧೂಮಕೇತು, 'ಲ ಕೊಮೇತ' ಗಾಳಿಪಟ. ಪದವೊಂದನ್ನೇ ಬರೆದುಕೊಂಡರೆ ಮುಂದೆ ಇವು ಕಲಸಿಹೋಗುತ್ತವೆ.

ಹೆಜ್ಜೆ 9: ಇಂಗ್ಲಿಷಿನ ಮುಖವಾಡ

ಇಂಗ್ಲಿಷ್ ಪದದಂತೆ ಕಂಡು ಬೇರೆ ಅರ್ಥ ಕೊಡುವ ಪದಗಳಿಗೆ ಪಟ್ಟಿಯೇ ಗತಿ. 'ಎಂಬರಸಾದ' ನಾಚಿಕೆಯಲ್ಲ, ಬಸುರಿ. 'ಏಕ್ಸಿತೊ' ಹೊರಗೆ ಹೋಗುವ ಬಾಗಿಲಲ್ಲ, ಯಶಸ್ಸು. ಬಾಗಿಲಿನ ಮೇಲೆ 'ಸಲೀದ' ಎಂದಿರುತ್ತದೆ. 'ರೋಪ' ಹಗ್ಗವಲ್ಲ, ಬಟ್ಟೆ. 'ಕರ್ಪೇತ' ಜಮಖಾನವಲ್ಲ, ಫೈಲು. 'ಲಿಬ್ರೆರೀಯ'ದಲ್ಲಿ ಪುಸ್ತಕ ಎರವಲು ಸಿಗುವುದಿಲ್ಲ, ಅದು ಪುಸ್ತಕದಂಗಡಿ. ಸ್ಪೇನ್‌ನ ಔಷಧಿ ಅಂಗಡಿಯಲ್ಲಿ ಮಲಬದ್ಧತೆಗೆ ಮಾತ್ರೆ ಬೇಕೆಂದು 'ಎಸ್ತೋಯ್ ಕೊನ್ಸ್ತಿಪಾದೊ' ಎಂದರೆ ನೆಗಡಿಗೆ ಮಾತ್ರೆ ಕೊಡುತ್ತಾರೆ. ನೀವು ಹೇಳಬೇಕಾದದ್ದು 'ಎಸ್ತ್ರೆನ್ಯೀದೊ'. ಕರಾವಳಿಯವರೂ ಉತ್ತರ ಕರ್ನಾಟಕದವರೂ ಇನ್ನೊಂದು ಸಣ್ಣ ಮುಖವಾಡ ನೆನಪಿಡಬೇಕು. ನಮ್ಮ 'ಪಗಾರ' ಪೋರ್ಚುಗೀಸರಿಂದ ಬಂದದ್ದು, ಸ್ಪ್ಯಾನಿಷ್‌ನಲ್ಲೂ 'ಪಗಾರ್' ಇದೆ. ಆದರೆ ಅಲ್ಲಿ ಅದು ಸಂಬಳವಲ್ಲ, ಹಣ ಕೊಡುವ ಕ್ರಿಯೆ.

ಹೆಜ್ಜೆ 10: ಯಾವ ದೇಶ ಎಂದು ಕೇಳಿ

ಸ್ಪೇನ್‌ನಲ್ಲಿ 'ತೊರ್ತೀಯ' ಎಂದರೆ ಮೊಟ್ಟೆ, ಆಲೂಗಡ್ಡೆಯ ದಪ್ಪ ಆಮ್ಲೆಟ್. ಮೆಕ್ಸಿಕೊದಲ್ಲಿ ಅದು ಮೆಕ್ಕೆಜೋಳದ ತೆಳು ರೊಟ್ಟಿ. ಸಸ್ಯಾಹಾರಿಗಳು ಆರ್ಡರ್ ಮಾಡುವ ಮುಂಚೆ ಇದನ್ನು ಗಮನಿಸಬೇಕು. 'ಗ್ವಾಗ್ವ' ಕ್ಯೂಬಾದಲ್ಲಿ ಬಸ್ಸು, ಚಿಲಿಯಲ್ಲಿ ಹಸುಗೂಸು. ಸ್ಪೇನ್‌ನಲ್ಲಿ ಬಸ್ಸು ಹಿಡಿಯಲು ದಿನಾ ಬಳಸುವ 'ಕೊಹೇರ್' ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಹೊಲಸು ಮಾತು. ಎಲ್ಲ ಕಡೆಯೂ ನಡೆಯುವುದು 'ತೊಮಾರ್'. ಮೊದಲಿನಿಂದಲೂ ಅದನ್ನೇ ರೂಢಿ ಮಾಡಿಕೊಳ್ಳಿ.

ಅನುಮಾನ ಬಂದಾಗ ತೆರೆಯಬೇಕಾದದ್ದು ರೆಯಾಲ್ ಅಕದೇಮ್ಯ ಎಸ್ಪನ್ಯೋಲದ ನಿಘಂಟು. 1713ರಲ್ಲಿ ಮ್ಯಾಡ್ರಿಡ್‌ನಲ್ಲಿ ಶುರುವಾದ ಈ ಅಕಾಡೆಮಿಯ ನಿಘಂಟು ಈಗ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಯಾವ ಅರ್ಥ ಯಾವ ದೇಶದ್ದು ಎಂದೂ ಅದರಲ್ಲಿ ಗುರುತು ಹಾಕಿರುತ್ತಾರೆ. ಹಳೇ ಪುಸ್ತಕದಂಗಡಿಯಲ್ಲಿ ಅಚ್ಚಾದ ನಿಘಂಟು ಸಿಕ್ಕರೆ ಕೊಳ್ಳಬಹುದು, ಆದರೆ ಅಚ್ಚಾದ ವರ್ಷ ನೋಡಿಕೊಳ್ಳಿ. 1994ರ ತನಕ 'ಚ' ಸದ್ದಿಗೆ ಬರೆಯುವ ಸಿ-ಎಚ್ ಜೋಡಿಯನ್ನೂ, 'ಯ' ಸದ್ದಿಗೆ ಬರೆಯುವ ಎರಡು ಎಲ್ ಜೋಡಿಯನ್ನೂ ಬೇರೆ ಅಕ್ಷರಗಳೆಂದೇ ಅಕಾರಾದಿಯಲ್ಲಿ ಜೋಡಿಸುತ್ತಿದ್ದರು. ಅಂಥ ನಿಘಂಟಿನಲ್ಲಿ 'ಯೆಬಾರ್' ಹುಡುಕಬೇಕಾದರೆ ಎಲ್ ಅಕ್ಷರದ ಪುಟಗಳೆಲ್ಲ ಮುಗಿದ ಮೇಲೆ ನೋಡಬೇಕು.